ದೇವರ ಜಗಲಿಯ ಕಪ್ಪು ಪುಡಿ

ಶ್ರೀಗಂಧದ ಕಾವಲ್, ಬೆಂಗಳೂರು
೧೦ ನವೆಂಬರ್ ೨೦೨೪

ಪ್ರೀತಿಯ ದಾನಮ್ಮಕ್ಕಾ,

ಹೇಗಿದ್ದೀ? ಎದೆಯ ಗಂಟು ನೋಯುತ್ತಿದೆಯೇ? ನಿಜ ಹೇಳು. ಫೋನಿನಲ್ಲಿ ಕೇಳಿದರೆ “ಆತ್ ಬಿಡೊ, ನೀ ಉಂಡಿಯೇನು?” ಎಂದು ನನ್ನ ಬಾಯಿ ಮುಚ್ಚಿಸುತ್ತೀ, ಅದಕ್ಕೇ ಬರೆಯುತ್ತಿದ್ದೇನೆ. ಉಂಡಿದ್ದೇನೆ. ಇಲ್ಲಿನ ಪಿಜಿಯಲ್ಲಿ ಸಾಂಬಾರಿಗೂ ಬೆಲ್ಲ ಹಾಕುತ್ತಾರೆ, ನಾಲಿಗೆ ಇನ್ನೂ ಒಗ್ಗಿಲ್ಲ.

ಆಪರೇಷನ್ನಿಗೆ ಡಾಕ್ಟರು ಕೊಟ್ಟ ದಿನ ನೀನು ಬಾಗಲಕೋಟೆಗೆ ಹೋಗಲೇ ಇಲ್ಲವಂತೆ. “ನನ್ನ ತಮ್ಮನ ಪುಡಿ ಬರ್ತೈತಿ, ಕೊಯ್ಸಿಕೊಳ್ಳೂದ್ಯಾಕ?” ಎಂದೆಯಂತೆ. ಪೇಪರಿನವರು ‘ಕ್ಯಾನ್ಸರ್ ಕರಗಿಸುವ ಪುಡಿ’ ಎಂದು ನನ್ನ ಫೋಟೋ ಹಾಕಿದ್ದನ್ನು ನಿನ್ನ ಯಜಮಾನರು, ನಮ್ಮ ಚನ್ನವೀರೇಶ ಮಾವ, ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದಾಗಲೇ ನನಗೆ ಸಂಕಟವಾಗಿತ್ತು. ನಾವು ಲ್ಯಾಬಿನಲ್ಲಿ ಮಾಡುವುದು ಇಷ್ಟೇ ಅಕ್ಕಾ: ಕಬ್ಬಿಣದ ಲವಣ ಕರಗಿಸಿದ ನೀರಿಗೆ ಅಮೋನಿಯಾ ಹನಿಸುತ್ತೇವೆ, ತಳದಲ್ಲಿ ಕಪ್ಪು ಪುಡಿ ಕೂರುತ್ತದೆ. ಒಂದೊಂದು ಕಣವೂ ಕಣ್ಣಿಗೆ ಕಾಣದಷ್ಟು ಸಣ್ಣದು. ಅಯಸ್ಕಾಂತ ಹಿಡಿದರೆ ಹಾರಿ ಬರುತ್ತದೆ, ತೆಗೆದರೆ ಎಲ್ಲ ಮರೆತು ಸುಮ್ಮನಾಗುತ್ತದೆ. ದೊಡ್ಡ ಯಂತ್ರದಲ್ಲಿ ಅಯಸ್ಕಾಂತದ ಬಲವನ್ನು ಬೇಗಬೇಗ ಹಿಂದೆಮುಂದೆ ತಿರುಗಿಸಿದರೆ ಅದು ಬಿಸಿಯಾಗುತ್ತದೆ. ಆ ಬಿಸಿಗೆ ಗಂಟು ಸುಟ್ಟೀತೇ ಎಂಬುದು ನಮ್ಮ ಪ್ರಶ್ನೆ. ಉತ್ತರ ಯಾರ ಕೈಗೂ ಪೂರಾ ಸಿಕ್ಕಿಲ್ಲ. ನನ್ನ ಪುಡಿಯಂತೂ ಇನ್ನೂ ಒಂದು ಇಲಿಯನ್ನೂ ಮುಟ್ಟಿಲ್ಲ.

ದಸರೆಗೆ ಬಂದಾಗ ನಿಮಗೆ ತೋರಿಸಲೆಂದು ಒಂದು ಸೀಸೆಯನ್ನೂ ಅಯಸ್ಕಾಂತವನ್ನೂ ತಂದಿದ್ದೆನಲ್ಲ. ಪುಡಿ ಗಾಜಿನೊಳಗೆ ಕುಣಿದದ್ದು ನೋಡಿ ನೀನು “ಲೋಹದ ಭಸ್ಮ ಇದ್ದಂಗೈತಿ” ಎಂದು ಎರಡನ್ನೂ ದೇವರ ಜಗಲಿಯ ಮೇಲೆ ವಿಭೂತಿಯ ಪಕ್ಕ ಇಟ್ಟೆ. ಎಲ್ಲರೂ ನಕ್ಕೆವು. ಕಳೆದ ವಾರ ಇಲ್ಲಿ, ಪುಡಿಗೆ ಗಾಳಿ ತಾಗದಂತೆ ಕಾಯುವ ನೈಟ್ರೋಜನ್ ಸಿಲಿಂಡರ್ ನಡುವೆಯೇ ಖಾಲಿಯಾಗಿ, ಗಾಳಿ ಹೊಕ್ಕು, ಕಪ್ಪಗಿರಬೇಕಾದ ಪುಡಿ ಕೆಂಪಗಾಯಿತು. ನಮ್ಮ ಗೈಡ್ ವೆಂಕಟಸ್ವಾಮಿ ಸರ್ ಅದನ್ನು ಬೆಳಕಿಗೆ ಹಿಡಿದು, “ತುಕ್ಕು ಮಾಡೋಕೆ ಲ್ಯಾಬ್ ಯಾಕ್ರೀ, ಕೆಂಗೇರಿ ಗುಜರಿ ಅಂಗಡೀಲಿ ಬೇಕಾದಷ್ಟು ಸಿಗುತ್ತಲ್ಲ?” ಎಂದರು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ನೀನು ಜೀವ ಒತ್ತೆಯಿಟ್ಟು ಕಾಯುತ್ತಿರುವುದು ಇದಕ್ಕೇ.

ಅವ್ವ ಹೋದ ಮೇಲೆ ನನಗೆ ಅವ್ವನಾದವಳು ನೀನು. ನನಗೆ ಭಯವಾಗುತ್ತಿದೆ ಅಕ್ಕಾ. ಡಾಕ್ಟರು ಮತ್ತೆ ೧೮ರ ಸೋಮವಾರ ಬರಹೇಳಿದ್ದಾರೆ. ಹೋಗು, ನಿನ್ನ ಕಾಲಿಗೆ ಬೀಳುತ್ತೇನೆ.

ಮಾವನಿಗೆ ಶರಣು ಹೇಳು. ನಿನ್ನ ಮಗಳು ಸುವರ್ಣಾಗೆ ಓದಿನ ಕಡೆ ಲಕ್ಷ್ಯವಿಡಲು ಹೇಳು.

ನಿನ್ನ ತಮ್ಮ,
ರೇವಣಸಿದ್ದ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಸುವರ್ಣಾ ಅಳುತ್ತಾ ಫೋನ್ ಮಾಡಿದಳು. ಸೀಸೆ ಅರ್ಧ ಖಾಲಿಯಂತೆ. ದಿನಾ ಪೂಜೆ ಮುಗಿಸಿ ಜೇನಿನಲ್ಲಿ ಕಲಸಿ ನೆಕ್ಕುತ್ತೀಯಂತೆ, ಅಯಸ್ಕಾಂತವನ್ನು ಬಟ್ಟೆಯಲ್ಲಿ ಸುತ್ತಿ ಎದೆಗೆ ಕಟ್ಟಿಕೊಂಡಿದ್ದೀಯಂತೆ. ಗಂಟು ಒಡೆದು ಕೀವು ಸೋರುತ್ತಿರುವುದನ್ನು ಯಾರಿಗೂ ಹೇಳಿಲ್ಲವಂತೆ. ಇದನ್ನು ಅಂಚೆಗೆ ಹಾಕುವುದಿಲ್ಲ, ನಾನೇ ತರುತ್ತೇನೆ. ಮಾವನಿಗೆ ಫೋನ್ ಮಾಡಿ ಈಗಲೇ ಆಸ್ಪತ್ರೆಗೆ ಕರೆದೊಯ್ಯಲು ಹೇಳಿದ್ದೇನೆ, ನಾನು ಬಸ್ಸಿಗೆ ಹೊರಟೆ. ಸುವರ್ಣಾ ಅಯಸ್ಕಾಂತ ಬಿಚ್ಚಲು ಬಂದರೆ ಅವಳ ಕೈ ಹಿಡಿದು, “ಮುಟ್ಟಬ್ಯಾಡ, ನನ್ನ ತಮ್ಮ ಕೊಟ್ಟಾನ” ಎಂದೆಯಂತೆ.