ಬದುಕಿರುವವನಿಗೆ ಕಟ್ಟಿದ ಗುಡಿ

ಎಲಚಿಹಳ್ಳಿ, ಹೆಜಿಯನ್ ಸೀಮೆ
ಒಂಬತ್ತನೆಯ ತಿಂಗಳು, ಹುಣ್ಣಿಮೆಯ ಮಾರನೆಯ ದಿನ

ನನ್ನ ಮಗೂ ಶುವಾನ್‌ಝು,

ರಾಜಧಾನಿಯಲ್ಲಿ ಆಗಲೇ ಚಳಿ ಬಿದ್ದಿರಬೇಕು. ಮೂತ್ರ ಕಟ್ಟಿಕೊಂಡು ನರಳುವ ನಿನ್ನ ಆ ಕಾಟ ಈ ವರ್ಷ ಹೇಗಿದೆ? ಹೊಟ್ಟೆ, ಕಾಲು ಬೆಚ್ಚಗಿಟ್ಟುಕೋ. ಹತ್ತಿ ತುಂಬಿದ ಚಲ್ಲಣ ಹೊಲಿದು ಕಳಿಸಿದ್ದೇನೆ. ರೇಷ್ಮೆ ನಿಲುವಂಗಿಯ ಒಳಗೆ ತೊಟ್ಟರೆ ಯಾರಿಗೂ ಕಾಣುವುದಿಲ್ಲ.

ಇಲ್ಲಿ ನಮಗೆ ಯಾವುದಕ್ಕೂ ಕೊರತೆಯಿಲ್ಲ. ಹೋರಿಗೆ ಬೀಜ ಒಡೆಸಿದ ಹಾಗೆ ನಿನಗೆ ಮಾಡಿಸಿ ಅರಮನೆಗೆ ಕಳಿಸಿದಾಗ ಬಾವಿಕಟ್ಟೆಯಲ್ಲಿ ಕಿಸಕಿಸ ನಕ್ಕವರೇ ಈಗ ಓಡಿಬಂದು ನನ್ನ ಕೊಡ ಹೊರುತ್ತಾರೆ. ಚಕ್ರವರ್ತಿಗೆ ಹೋದ ಅರ್ಜಿಗಳ ಮೇಲೆ ಕೆಂಪು ಶಾಯಿಯಲ್ಲಿ ಅಪ್ಪಣೆ ಬರೆಯುವವನು ನೀನೇ ಅಂತೆ. ಮಂತ್ರಿಗಳೂ ನಿನ್ನ ಹೊಸ್ತಿಲಲ್ಲಿ ಕಾಯುತ್ತಾರಂತೆ. ಇರಬಹುದು. ನಮ್ಮ ಜಿಲ್ಲೆಯ ಅಧಿಕಾರಿ ಶಾವ್, ನನಗಿಂತ ವಯಸ್ಸಾದವನು, ಅಂಗಳದ ಕೆಸರಲ್ಲಿ ಮಂಡಿಯೂರಿ ನನ್ನನ್ನು “ಅಜ್ಜೀ” ಅಂದ. “ಏಳಪ್ಪಾ ಮುದುಕ, ಶೀತ ಆದೀತು” ಅಂದೆ. ಅದಕ್ಕೂ ಜೊತೆಗೆ ಬಂದವರೆಲ್ಲ ಆಶೀರ್ವಾದ ಸಿಕ್ಕಿತೆಂಬಂತೆ ತಲೆಯಾಡಿಸಿದರು.

ಆ ಶಾವ್ ನಿನ್ನ ಹೆಸರಿನಲ್ಲಿ ಗುಡಿ ಕಟ್ಟಿಸಲು ಹೊರಟ. ಒಳಗೆ ನಿನ್ನ ವಿಗ್ರಹ, ಮುಂದೆ ಊದುಬತ್ತಿ. ಅದಕ್ಕೆ ಶಾಲೆಯ ಜಾಗವೇ ಬೇಕೆಂದ. ಫೆಂಗ್ ಮೇಷ್ಟ್ರು ನಿನಗೆ ನೆನಪಿರಬೇಕು. ನಿನ್ನ ಅಣ್ಣ ದಾಲಿನ್‌ನ ಮಗ ಶಿಯಾವ್‌ಮಾನ್‌ಗೆ ಅಕ್ಷರ ಕಲಿಸುತ್ತಿದ್ದವರೂ ಅವರೇ. ಅವರು ಜಾಗ ಬಿಡಲಿಲ್ಲ. “ಬದುಕಿರೋನಿಗೆ ಎಂಥ ಗುಡಿ? ಅವನು ಮೊದಲು ಸಾಯ್ಲಿ, ಆಮೇಲೆ ನೋಡೋಣ” ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಮಗೂ. ಅದು ನಗುವ ಮಾತೇ ಆಗಿತ್ತು.

ಮಾರನೆಯ ದಿನ ಅವರನ್ನು ಕಚೇರಿಗೆ ಎಳೆದೊಯ್ದು ಬೆತ್ತದಿಂದ ಬಡಿದರು. ನಾನು ಎದ್ದು ಬಿದ್ದು ಓಡಿದೆ. ಶಾವ್ ನನಗೆ ಕುರ್ಚಿ ಹಾಕಿಸಿದ, ಚಹಾ ತರಿಸಿದ. ಮತ್ತೆ ಮಂಡಿಯೂರಿ, “ಅಜ್ಜೀ, ನಿಮ್ಮ ಮಗನ ಮರ್ಯಾದೆ ಉಳಿಸೋಕೇ ಇಷ್ಟೆಲ್ಲಾ” ಅಂದ. ಗೋಡೆಯ ಆಚೆಯಿಂದ ಬೆತ್ತದ ಸದ್ದು ಕೇಳುತ್ತಲೇ ಇತ್ತು. ನಾನು ಕೇಳಿದರೆ ಈ ಜಿಲ್ಲೆಯಲ್ಲಿ ಹೊಲ ಸಿಗುತ್ತದೆ, ಹಂದಿ ಸಿಗುತ್ತದೆ, ಒಬ್ಬ ಬಡಪಾಯಿಯ ಜೀವ ಮಾತ್ರ ಸಿಗಲಿಲ್ಲ. ಮೇಷ್ಟ್ರು ಮನೆಗೆ ಬರುವ ದಾರಿಯಲ್ಲಿ ಗಾಡಿಯಲ್ಲೇ ತೀರಿಹೋದರು.

ಇದನ್ನು ನೀನು ಮಾಡಿಸಿದೆಯಾ? ಹೌದಾದರೆ ಅದು ನಿನ್ನ ಪಾಪ, ನೀನೇ ಹೊರು. ಇಲ್ಲವಾದರೆ ನನಗೆ ಇನ್ನೂ ಹೆದರಿಕೆ. ಬಾಯಿ ಬಿಟ್ಟು ಹೇಳುವ ಅಗತ್ಯವೇ ಇಲ್ಲದಷ್ಟು ದೊಡ್ಡವನಾಗಿದ್ದೀಯ ಎಂದಾಯಿತು. ಗುಡಿ ಈಗ ಚಾವಣಿಯ ಮಟ್ಟಕ್ಕೆ ಬಂದಿದೆ. ನಿನ್ನ ವಿಗ್ರಹಕ್ಕೆ ಗಡ್ಡ ಇಟ್ಟಿದ್ದಾರೆ. ಅದನ್ನು ನೋಡಿ ಊರಲ್ಲಿ ಒಬ್ಬರೂ ನಗಲಿಲ್ಲ.

ನನಗೆ ಅಕ್ಷರ ಬಾರದೆಂದು ನಿನಗೆ ಗೊತ್ತು. ಇದನ್ನು ಬರೆಯುತ್ತಿರುವವಳು ಮೇಷ್ಟ್ರ ಹೆಂಡತಿ. ಗಂಡನ ಸಾವಿನ ಮಾತು ಬಂದಾಗ ಕುಂಚ ಕೆಳಗಿಟ್ಟು ಶಾಯಿ ತೇಯ್ದಳು. ಆಮೇಲೆ “ಹೇಳಿ ಅತ್ತೆ, ಮುಂದೆ?” ಅಂದಳು.

ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಮೇಲೆ ಎಷ್ಟು ಸಿಟ್ಟಿದ್ದರೂ ನಿನಗೆ ಕೇಡಾಗಲಿ ಎಂದು ಬೇಡಿಕೊಳ್ಳಲು ನನಗೆ ಬಾಯಿ ಬರುವುದಿಲ್ಲ.

ನಿನ್ನ ಹೆತ್ತವಳು
(ಹೆಬ್ಬೆಟ್ಟಿನ ಗುರುತು)

ಮರೆತ ಮಾತು: ಮರೆತದ್ದೇನಲ್ಲ, ಹೇಳಲು ಧೈರ್ಯ ಬಂದಿರಲಿಲ್ಲ. ದಾಲಿನ್ ತನ್ನ ಮಗನಿಗೂ ನಿನ್ನಂತೆಯೇ ಮಾಡಿಸಲು ಕತ್ತಿಯವನನ್ನು ಗೊತ್ತುಮಾಡಿದ್ದಾನೆ. “ಚಿಕ್ಕಪ್ಪನ ಹಾಗೇ ಆಗ್ತೀಯ ಕಣೋ” ಎಂದು ಶಿಯಾವ್‌ಮಾನ್‌ನ ಬೆನ್ನು ತಟ್ಟುತ್ತಾನೆ. ಅದಕ್ಕೆ ಏಳು ವರ್ಷ, ಅದು ಕುಣಿಯುತ್ತದೆ. ನಿನ್ನನ್ನು ಕಳಿಸಿದ ವರ್ಷ ಮನೆಯಲ್ಲಿ ತೌಡೂ ಇರಲಿಲ್ಲ. ಈಗ ಕಣಜ ತುಂಬಿರುವಾಗ ಇವನನ್ನು ಕಳಿಸುತ್ತಿದ್ದಾರೆ. ನಾಳೆ ಬೆಳಿಗ್ಗೆ ನಾನೂ ಮೇಷ್ಟ್ರ ಹೆಂಡತಿಯೂ ಮಗುವನ್ನು ಕರೆದುಕೊಂಡು ಹೊರಡುತ್ತೇವೆ. ಎಲ್ಲಿಗೆಂದು ಬರೆಸುವುದಿಲ್ಲ. ನಿನ್ನವರು ಹುಡುಕಿದರೆ ಸಿಕ್ಕೇ ಸಿಗುತ್ತೇವೆ, ಗೊತ್ತು. ಶುವಾನ್‌ಝು, ಹುಡುಕಿಸಬೇಡ.