ಅಮ್ಮನ ಪಾದದ ಅಳತೆ

ಮಾರ್ಚ್ ಮೂರು, ಮಂಗಳವಾರ

ಮುದ್ದು ಚಿನ್ನಿ,

ಫೋನಿರುವಾಗ ಅಮ್ಮ ಯಾಕೆ ಕಾಗದ ಬರೆದಳು ಎಂದು ಗಾಬರಿಯಾಗಬೇಡ. ಫೋನಿನಲ್ಲಿ ಹೇಳಹೊರಟರೆ ನೀನು ಅಳುತ್ತೀಯ, ನಿನ್ನ ದನಿ ಕೇಳಿ ನಾನೂ ಅಳುತ್ತೇನೆ. ಅಷ್ಟರಲ್ಲಿ ನಿಮ್ಮಪ್ಪ ಫೋನು ಕಸಿದುಕೊಂಡು "ಏನಿಲ್ಲ ಮಗಳೇ, ನೆಗಡಿ" ಅನ್ನುತ್ತಾರೆ. ಕಾಗದದಲ್ಲಾದರೆ ಯಾರೂ ನಡುವೆ ಬಾಯಿ ಹಾಕುವಂತಿಲ್ಲ.

ತಲೆಯೊಳಗೆ, ಮೂಗಿನ ಹಿಂದೆ, ಪಿಟ್ಯುಟರಿ ಅಂತ ಬಟಾಣಿ ಕಾಳಿನಷ್ಟು ಒಂದು ಗ್ರಂಥಿ ಇರುತ್ತದಂತೆ. ನಿನಗೂ ಇದೆ, ಎಲ್ಲರಿಗೂ ಇದೆ. ನನ್ನದರಲ್ಲಿ ಗೋಲಿ ಗಾತ್ರದ ಗೆಡ್ಡೆ ಬೆಳೆದಿದೆ. ಕ್ಯಾನ್ಸರ್ ಅಲ್ಲ. ಈ ಮಾತನ್ನು ಡಾಕ್ಟರಮ್ಮನ ಬಾಯಿಂದ ಮತ್ತೆ ಮತ್ತೆ ಹೇಳಿಸಿದ್ದೇನೆ. ನೀನೂ ಇನ್ನೊಂದು ಸಲ ಓದಿಕೊಂಡು ಮುಂದಕ್ಕೆ ಹೋಗು.

ಗೊತ್ತಾದದ್ದು ಕಣ್ಣಿನಿಂದ. ಅಂಗಡಿಯಲ್ಲಿ ಶೂಗಳ ಮೇಲ್ಭಾಗ ಹೊಲಿಯುವಾಗ ಎದುರಿನ ಸೂಜಿ ಚೆನ್ನಾಗಿಯೇ ಕಾಣುತ್ತಿತ್ತು. ಪಕ್ಕದಲ್ಲಿಟ್ಟ ಕತ್ತರಿ ಮಾತ್ರ ಮಾಯ. ನೀವೇ ತೆಗೆದಿರಿ ಎಂದು ನಿಮ್ಮಪ್ಪನೊಂದಿಗೆ ದಿನಾ ಜಗಳ. ಒಂದು ದಿನ ಪಕ್ಕಕ್ಕೇ ಬಂದು ನಿಂತ ಗಿರಾಕಿಯೂ ಕಾಣಲಿಲ್ಲ. "ಏನಮ್ಮಾ, ದೊಡ್ಡೋರಾಗ್ಬಿಟ್ರಿ" ಎಂದು ಮೂದಲಿಸಿ ಹೋದರು. ಕನ್ನಡಕ ಬೇಕೇನೋ ಎಂದು ಕಣ್ಣು ತೋರಿಸಲು ಹೋದರೆ, ತಲೆಯ ಸ್ಕ್ಯಾನ್ ಮಾಡಿಸಿ ಈ ಡಾಕ್ಟರಮ್ಮನ ಹತ್ತಿರ ಕಳಿಸಿದರು.

ಆಕೆ ನನ್ನ ಮದುವೆಯ ಫೋಟೋ ತರಿಸಿ, ಒಮ್ಮೆ ಅದನ್ನು, ಒಮ್ಮೆ ನನ್ನನ್ನು ನೋಡಿದರು. ಬೆಳೆಯುವ ವಯಸ್ಸು ಮುಗಿದವರನ್ನೂ ಈ ಗೆಡ್ಡೆ ಬೆಳೆಸುತ್ತಲೇ ಇರುತ್ತದಂತೆ. ಅದಕ್ಕೇ ಮೂಗು, ದವಡೆ ದಪ್ಪ. ಅದಕ್ಕೇ ದನಿ ಗಡಸು. ಹೋದ ತಿಂಗಳು ನೀನೇ ಫೋನಿನಲ್ಲಿ "ಅಪ್ಪಾ, ಅಮ್ಮನಿಗೆ ಕೊಡು" ಅಂದೆಯಲ್ಲ, ಅಪ್ಪ ಆಗ ಮನೆಯಲ್ಲೇ ಇರಲಿಲ್ಲ ಕಣೇ!

"ಚಪ್ಪಲಿ ಅಳತೆ ಏನಾದ್ರೂ ಬದಲಾಗಿದೆಯಾ?" ಎಂದು ಕೇಳಿದರು. ನಾನು ಜಂಬದಿಂದ, "ಎಲ್ಲಿ ಬದಲಾಗುತ್ತೆ? ಮದುವೆಯಾದಾಗಿನ ಅಳತೇನೇ. ನಮ್ಮೋರೇ ಹೊಲೀತಾರೆ" ಅಂದೆ. ತಿರುಗಿ ನೋಡಿದರೆ ನಿಮ್ಮಪ್ಪ ನೆಲ ನೋಡುತ್ತಿದ್ದಾರೆ.

"ಇಲ್ಲ ಡಾಕ್ಟ್ರೇ. ಚಪ್ಪಲಿ ಹೊಲಿಯೋಕೆ ಇಟ್ಟಿರೋ ಇವಳ ಕಾಲಿನ ಮರದ ಅಚ್ಚಿಗೆ ವರ್ಷಾ ವರ್ಷಾ ಚರ್ಮದ ತುಂಡು ಅಂಟಿಸಿ ದೊಡ್ಡದು ಮಾಡ್ತಾ ಬಂದಿದೀನಿ."

"ಹೇಳೋದಲ್ವೇನ್ರೀ?" ಎಂದರು ಡಾಕ್ಟರಮ್ಮ.

"ಹೆಂಡ್ತೀಗೆ ನಿನ್ ಕಾಲು ದೊಡ್ಡದಾಗ್ತಿದೆ ಅಂದ್ಬಿಟ್ಟು ಮನೇಲಿ ಊಟ ಕೇಳೋಕಾಗುತ್ತಾ ಡಾಕ್ಟ್ರೇ?"

ಡಾಕ್ಟರಮ್ಮ ನಕ್ಕುಬಿಟ್ಟರು. ಇವರು ನಗಲಿಲ್ಲ. "ಮೊದಲೇ ಬಂದಿದ್ರೆ?" ಎಂದು ಕೇಳಿದರು. ಆಕೆ ಮುಚ್ಚುಮರೆಯಿಲ್ಲದೆ ಹೇಳಿದರು: ಮೊದಲೇ ಬಂದಿದ್ದರೆ ಒಳ್ಳೆಯದಿತ್ತು, ಈಗಲೂ ತಡವಾಗಿಲ್ಲ. ಮೂಗಿನ ಮೂಲಕವೇ ಗೆಡ್ಡೆ ತೆಗೆಯುತ್ತಾರೆ. ಎಷ್ಟೋ ಜನರಿಗೆ ಪಕ್ಕದ ನೋಟ ಮರಳಿ ಬರುತ್ತದೆ. ಹಾಗೇ ಬಿಟ್ಟರೆ ಮಾತ್ರ ಇರುವ ಕಣ್ಣೂ ಹೋಗುತ್ತದೆ.

ಮನೆಗೆ ಬಂದ ಮೇಲೆ ನಿಮ್ಮಪ್ಪ ಸುತ್ತಿಗೆ ಮುಟ್ಟಲಿಲ್ಲ. "ನಿನ್ ಕಣ್ಣಿಗೆ ನಾನೇ ಮಣ್ಣು ಹಾಕ್ದೆ" ಎಂಬ ಒಂದೇ ರಾಗ. ಕೇಳಿ ಕೇಳಿ ನನಗೂ ತಲೆ ಕೆಟ್ಟಿತು. "ಕಾಲು ನಂದು. ನನಗೇ ಗೊತ್ತಾಗ್ಲಿಲ್ಲ, ನಿಮ್ಮನ್ನೇನು ಬೈಯೋದು? ಎದ್ದು ಆಸ್ಪತ್ರೆಗೆ ಹಾಕ್ಕೊಂಡು ಹೋಗೋಕೊಂದು ಜೊತೆ ಹೊಲೀರಿ" ಅಂದೆ.

"ಯಾವ ಅಳತೆಗೆ?"

"ಇವತ್ತಿನ ಅಳತೆಗೆ. ಬಾಯಿಬಿಟ್ಟು ಹೇಳಿ."

ನೆಲದ ಮೇಲೆ ಕೂತು ಟೇಪು ಹಿಡಿದರು. ಅಳತೆಯನ್ನು ಗಟ್ಟಿಯಾಗಿ ಹೇಳಿದರು. "ಅಯ್ಯೋ, ನಿಮ್ಮದಕ್ಕಿಂತ ದೊಡ್ಡದಾಯ್ತಲ್ರೀ!" ಎಂದು ನಾನು ನಕ್ಕೆ. ಅವರಿಗೂ ನಗು ತಡೆಯಲಾಗಲಿಲ್ಲ. ನಗುತ್ತಲೇ ಕಣ್ಣೊರೆಸಿಕೊಂಡರು. ಗೆಡ್ಡೆ ತೆಗೆದರೆ ಮೂಳೆ ಚಿಕ್ಕದಾಗುವುದಿಲ್ಲ, ಊತ ಇಳಿಯುತ್ತದಂತೆ. ಇಳಿದಂತೆಲ್ಲ ಬಿಗಿ ಮಾಡಿಕೊಳ್ಳಲಿ ಎಂದು ಬಕಲ್ ಪಟ್ಟಿ ಹಾಕಿ ಹೊಲಿಯುತ್ತಿದ್ದಾರೆ. ಇದನ್ನು ಬರೆಯುವಾಗ ಅಂಗಡಿಯಿಂದ ಸುತ್ತಿಗೆಯ ಸದ್ದು ಕೇಳಿಸುತ್ತಿದೆ. ಎಷ್ಟು ಹಾಯೆನಿಸುತ್ತಿದೆ ಗೊತ್ತಾ?

ಅಪ್ಪನಿಗೆ ಫೋನು ಮಾಡಿ ಬೈಯಬೇಡ. ನೀನು ಬರುವುದೂ ಬೇಡ. ನಿನ್ನ ಶಾಲೆಯಲ್ಲಿ ಪರೀಕ್ಷೆಯ ಸಮಯ, ಮಕ್ಕಳನ್ನು ಬಿಟ್ಟು ಬಂದರೆ ಹೆಡ್‌ಮೇಷ್ಟ್ರು ಸುಮ್ಮನಿರುವುದಿಲ್ಲ. ಆಪರೇಷನ್ ಯಾವಾಗ ಎಂದು ನಿಧಾನವಾಗಿ ತಿಳಿಸುತ್ತೇನೆ. ಅವಸರವೇನಿಲ್ಲ. ನನಗೆ ಭಯವೂ ಇಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ,
ಗಂಡು ದನಿಯ ಅಮ್ಮ

ಮರೆತಿದ್ದು: ಕವರು ಅಂಟಿಸಿದ್ದೆ, ಮತ್ತೆ ಬಿಡಿಸಿದೆ. ಆಪರೇಷನ್ ಮುಂದಿನ ವಾರ, ಹನ್ನೊಂದನೇ ತಾರೀಕು ಬುಧವಾರ. ಬೆಳಿಗ್ಗೆಯೇ ಆಸ್ಪತ್ರೆಯ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಬಂದಿದ್ದೇನೆ. ಹಾಕುವಾಗ ನನ್ನ ಹೆಸರನ್ನೇ ತಪ್ಪು ಬರೆದು, ಹೊಡೆದುಹಾಕಿ ಮತ್ತೆ ಬರೆದೆ ಚಿನ್ನಿ. ರಜೆ ಕೇಳಿ, ಮಂಗಳವಾರವೇ ಬಂದುಬಿಡು. ನನಗೆ ಎಚ್ಚರವಾದಾಗ ಎದುರಿಗೆ ನಿಲ್ಲಬೇಡ, ಹಾಸಿಗೆಯ ಪಕ್ಕದಲ್ಲಿ ನಿಂತಿರು. ಪಕ್ಕದವರು ಕಾಣುತ್ತಾರೋ ಇಲ್ಲವೋ ಎಂಬುದನ್ನು ಮೊದಲು ನಿನ್ನನ್ನೇ ನೋಡಿ ತಿಳಿಯಬೇಕು.