ಹಂದರದ ಬಯಲು

12 ನವೆಂಬರ್ 2024, ಬಸ್ಸಿನಲ್ಲಿ

ಮಸ್ಕಿ ದಾಟಿತು. ಕಿಟಕಿ ಸೀಟು ಸಿಕ್ಕಿದೆ. ಮುಂದೆ ಭತ್ತ ಕೊಯ್ಯುವ ಮಷಿನ್ ಒಂದು ರಸ್ತೆ ತುಂಬಾ ಹೊರಟಿದೆ, ಓವರ್‌ಟೇಕ್ ಆಗುತ್ತಿಲ್ಲ. ಡ್ರೈವರ್‌ಗೆ ಸಿಟ್ಟು. ನನಗೆ ಬರೆಯಲು ಸಮಯ.

ಇವತ್ತು ಸಿಂಧನೂರಿನ ಆ ಓಣಿಗೆ ಮತ್ತೆ. ಮನೆಗಳ ನಡುವೆ ಒಂದು ಖಾಲಿ ಜಾಗ. ಹಂದರದ ಬಯಲು ಅನ್ನುತ್ತಾರೆ, ಓಣಿಯ ಮದುವೆಗಳೆಲ್ಲ ಅಲ್ಲೇ ಆಗುವುದರಿಂದ. ಹಿಂದೂಗಳದ್ದೂ ಅಲ್ಲೇ, ಮುಸ್ಲಿಮರದ್ದೂ ಅಲ್ಲೇ. ಜೋರು ಮಳೆಯಾದರೆ ಸುತ್ತಲಿನ ರಸ್ತೆಗಳ ನೀರು ಬಯಲಿಗೆ ಇಳಿಯುತ್ತದೆ, ಬಯಲಿನಿಂದ ಮನೆಗಳಿಗೆ. ಅಲ್ಲಿ ಪಾರ್ಕ್ ಮಂಜೂರಾಗಿದೆ. ಡಿಸೈನ್ ನನ್ನದು.

ನಗರಸಭೆಯ ಇಂಜಿನಿಯರ್ ಶಿವರಾಜ ಅವರ ಯೋಚನೆ: ಗರಸು ಮಣ್ಣು ಹಾಕಿ ಎತ್ತರ ಮಾಡೋಣ, ಮೇಲೆ ಟೈಲ್ಸ್. ನನ್ನದು ಉಲ್ಟಾ. ಬಯಲನ್ನು ಇನ್ನಷ್ಟು ತಗ್ಗು ಮಾಡುವುದು. ಮಳೆ ನೀರು ಅಲ್ಲೇ ನಿಂತು ನಿಧಾನ ಇಳಿಯಲಿ, ಮನೆ ಹೊಗದಿರಲಿ. ಒಣಗಿದ ಮೇಲೆ ಮತ್ತೆ ಆಟದ ಬಯಲು. ಕಂಪ್ಯೂಟರಿನಲ್ಲಿ ಬಹಳ ಚೆಂದ ಕಾಣುತ್ತದೆ...

ಅದೇ ದಿನ, ಸಂಜೆ

ಚೆಂದ ಕಾಣಲಿಲ್ಲ. ಕನಿಷ್ಠ ರಾಜಾಬೀಗೆ.

ಬಯಲಿನ ಅಂಚಿಗೆ, ತೀರಾ ತಗ್ಗಿನಲ್ಲಿ ಅವಳ ಮನೆ. ಖಾನಾವಳಿಗಳಿಗೆ ಜೋಳದ ರೊಟ್ಟಿ ಮಾಡಿಕೊಡುತ್ತಾಳೆ. ಒಳಗೆ ಕರೆದು ಗೋಡೆ ತೋರಿಸಿದಳು. ನೀರು ನಿಂತ ಕಲೆಗಳು, ಒಂದರ ಮೇಲೊಂದು. ಹಿಟ್ಟಿನ ಡಬ್ಬಿಗಳು ಮಲಗುವ ಹೊರಸಿನ ಮೇಲೆಯೇ ಸಂಸಾರ ಹೂಡಿವೆ.

"ಎಲ್ಲಾ ಊರಾಗ ತಗ್ಗ ಮುಚ್ಚತಾರ. ನೀವು ತೋಡಾಕ ಬಂದೀರಿ. ನೀರಿಗಿ ಮನಿ ಮಾಡಿಕೊಟ್ರ ಅದು ತನ್ನ ಬಳಗಾನೂ ಕರಕೊಂಡು ಬರತೈತಿ."

"ಬಯಲು ಎತ್ತರ ಮಾಡಿದ್ರ ಆ ನೀರೆಲ್ಲಾ ಸೀದಾ ನಿಮ್ಮನಿಗೇ ಬರತೈತಿ ಅಮ್ಮಾ."

"ಈಗ ಬರದ ಎಲ್ಲಿ ಹೋಗೈತಿ?"

ಎರಡು ರೊಟ್ಟಿ ಕಟ್ಟಿಕೊಟ್ಟಳು. ಬಸ್ಸಿನಲ್ಲಿ ತಿಂದೆ.

3 ಡಿಸೆಂಬರ್

ಬಯಲಿನಲ್ಲೇ ಸಭೆ, ಬೇವಿನ ಗಿಡದ ಕೆಳಗೆ. ಡ್ರಾಯಿಂಗ್ ಹರಡಿದೆ. ದಿಬ್ಬ, ಹುಲ್ಲು, ಹೊಂಗೆಯ ಸಾಲು, ನಡುವೆ ಬಳುಕುವ ದಾರಿ. ಎಲ್ಲರೂ ಬಗ್ಗಿ ನೋಡಿದರು. ಕೊನೆಗೆ ಶೇಖಮ್ಮ, ರಾಜಾಬೀಯ ಎದುರು ಮನೆಯವಳು, ಬೆರಳಿಟ್ಟು ಕೇಳಿದಳು.

"ಇದರಾಗ ಹಂದರ ಎಲ್ಲಿ ಹಾಕೋದ್ರಿ? ನಮ್ಮ ಮಗಳು ರೇಣುಕಾದೇವಿ ಮದಿವಿ ವೈಶಾಖದಾಗ ಐತಿ."

ದಿಬ್ಬಗಳ ಮೇಲೆ ಹಂದರ ನಿಲ್ಲುವುದಿಲ್ಲ. ಮದುವೆ ಹಾಲ್ ಹಿಡಿಯುವ ಶಕ್ತಿ ಎಷ್ಟು ಮನೆಗಳಿಗಿದೆ ಇಲ್ಲಿ. ಇಷ್ಟು ದಿನ ನೀರನ್ನೇ ನೋಡುತ್ತಿದ್ದೆ, ಜಾಗದ ಹೆಸರನ್ನು ಮಾತ್ರ ಬರೆದುಕೊಂಡಿದ್ದೆ.

ಅಲ್ಲೇ ಪೆನ್ಸಿಲ್ ತೆಗೆದೆ. ನಡುವೆ ತಗ್ಗಿನಲ್ಲಿ ಸಪಾಟು ನೆಲ, ಹಾಸಲು ಫರಸಿ ಕಲ್ಲು. ಸುತ್ತ ಕೂರಲು ಮೆಟ್ಟಿಲು. ಗಿಡಗಳು ಅಂಚಿಗೆ.

"ಏಪ್ರಿಲ್ ಒಳಗ ಮುಗಸ್ತೀವಿ. ಬ್ಯಾಸಿಗ್ಯಾಗ ಒಣಾನ ಇರತೈತಿ. ಹಂದರ ಇಲ್ಲೇ ಹಾಕ್ರಿ," ಅಂದೆ. ಶೇಖಮ್ಮ ತಲೆಯಾಡಿಸಿದಳು. ರಾಜಾಬೀ ಎದ್ದು ಹೋದಳು, ಒಲೆ ಮೇಲೆ ಹಂಚು ಇತ್ತಂತೆ.

ಮನೆಯಲ್ಲಿ ನಿಂಗರಾಜ ಹೊಸ ಡ್ರಾಯಿಂಗ್ ನೋಡಿದ. ಹೈಸ್ಕೂಲ್ ಮೇಷ್ಟ್ರು, ಗಂಡನಾದ ಮೇಲೂ ತಿದ್ದುವ ಚಟ ಹೋಗಿಲ್ಲ. "ನಿನ್ನ ದಿಬ್ಬ ಹೋದವಲ್ಲ," ಅಂದ. ಹೋದವು. ಬೇಜಾರಾಗಬೇಕಿತ್ತು, ಆಗಲಿಲ್ಲ.

20 ಜನವರಿ 2025

ಅಗೆತ ನಡೆದಿದೆ. ಹೊಸ ತಲೆನೋವು: ಎರೆಮಣ್ಣು. ಗುಂಡಿಗೆ ನಿನ್ನೆ ಸುರಿದ ನೀರು ಇವತ್ತೂ ಹಾಗೇ ನಿಂತಿದೆ. ಈ ಮಣ್ಣು ನೀರು ಕುಡಿಯುವುದಿಲ್ಲ, ಬಾಯಲ್ಲಿಟ್ಟುಕೊಂಡು ಕೂರುತ್ತದೆ.

ಶಿವರಾಜ: "ನಿಂತ ನೀರಿಗಿ ಸೊಳ್ಳಿ ಬರತಾವ ಮೇಡಂ. ಜನ ನಮ್ಮಿಬ್ಬರನೂ ಅದರಾಗ ಮುಳುಗಸ್ತಾರ."

ತಕರಾರು ನ್ಯಾಯವಾದದ್ದೇ. ಕೊನೆಗೆ ಹೀಗೆ ಮಾಡಿದೆವು: ಎರೆ ದಾಟಿ ಗರಸು ಸಿಗುವ ತನಕ ಬಾವಿಯಂಥ ಗುಂಡಿಗಳು, ಒಳಗೆಲ್ಲ ಕಲ್ಲು. ಉಳಿದ ನೀರು ಸಣ್ಣ ಪೈಪಿನಲ್ಲಿ ನಿಧಾನವಾಗಿ ನಾಲಾಕ್ಕೆ. ಪೈಪಿನ ಮಟ್ಟ ಹಾಕಿಕೊಟ್ಟವರು ಅವರೇ. ಚಹಾ ಕುಡಿಯುತ್ತಾ, "ಟೈಲ್ಸ್ ಆದ್ರ ಇಷ್ಟೊತ್ತಿಗಿ ಮುಗೀತಿತ್ತು," ಅಂದರು. ನಗುತ್ತಲೇ.

27 ಏಪ್ರಿಲ್

ಎಷ್ಟು ದಿನವಾಯಿತು ಬರೆದು. ಕೆಲಸ, ಬಸ್ಸು, ಧೂಳು. ಮುಗಿದಿದೆ.

ಹೊತ್ತು ಇಳಿದ ಮೇಲೆ ಓಣಿಯ ಅರ್ಧ ಜನ ಮೆಟ್ಟಿಲ ಮೇಲೆ. ಹಗಲೆಲ್ಲ ಕಾದ ಕಲ್ಲು, ಆದರೂ ಕೂರುತ್ತಾರೆ. ಮುದುಕರಿಗೊಂದು ಮೂಲೆ ತಾನಾಗಿ ಗೊತ್ತಾಗಿಬಿಟ್ಟಿದೆ. ಬೆಳಿಗ್ಗೆ ಹೋದರೆ ರಾಜಾಬೀಯ ಸಂಡಿಗೆ, ಮೇಲಿನ ಮೆಟ್ಟಿಲ ಉದ್ದಕ್ಕೂ. ನಾನು ಆ ಮೆಟ್ಟಿಲನ್ನು ಬರೆದದ್ದು ಇದಕ್ಕಲ್ಲ. ಈಗ ಅನ್ನಿಸುತ್ತಿದೆ, ಇದಕ್ಕೇ ಬರೆದಿರಬೇಕು.

"ಕೂಡಾಕ ಛಲೋ ಆಗೈತಿ," ಅಂದಳು ರಾಜಾಬೀ. "ಮಳಿ ಬರಲಿ, ನೋಡೂಣು."

12 ಮೇ

ಬುದ್ಧ ಪೂರ್ಣಿಮೆ. ಬೆಳಿಗ್ಗೆ ಬುದ್ಧವಂದನೆ, ಬಿಳಿ ಸೀರೆ. ಅತ್ತೆಯ ಕೈಯ ಪಾಯಸ. ಮಧ್ಯಾಹ್ನ ಮೋಡ. ನಾಲ್ಕು ಸಲ ಅಂಗಳಕ್ಕೆ ಹೋಗಿ ಬಂದೆ.

ನಿಂಗರಾಜ: "ಮ್ಯಾಲ ನೋಡಬ್ಯಾಡ. ಪಾಯಸ ಆರಾಕತ್ತೈತಿ."

ಸಂಜೆಗೆ ಚದುರಿತು. ಶೇಖಮ್ಮನ ಮನೆಯ ಮದುವೆ ಬರುವ ರವಿವಾರ.

19 ಮೇ, ಬೆಳಿಗ್ಗೆ

ನಿನ್ನೆ ಬರೆಯಲಾಗಲಿಲ್ಲ. ಕಾಲು ನೋವು. ಮನಸ್ಸು ಹಗುರ.

ನಾನೂ ನಿಂಗರಾಜನೂ ಬೇಗ ಹೋದೆವು. ಹಂದರ ಚೆಂದ ಕಂಡಿತ್ತು, ತಗ್ಗಿನ ನೆಲದ ಮೇಲೆ ಕೆಂಪು ಹಳದಿ ಬಟ್ಟೆ, ಕುರ್ಚಿ ಸಾಲು, ಸುತ್ತಲ ಮೆಟ್ಟಿಲ ಮೇಲೆ ಹೆಣ್ಣುಮಕ್ಕಳು. ತುರ್ವಿಹಾಳದಿಂದ ಬೀಗರು ಬಂದರು. ಬಾಜಾ ಶುರುವಾಯಿತು. ಮಸ್ಕಿ ಕಡೆಯಿಂದ ಕಪ್ಪು ಮೋಡ ಎದ್ದಿತ್ತು, ಗಾಳಿ ಬಂತು. ಅಕ್ಕಿಕಾಳು ಹಂಚುತ್ತಿರುವಾಗಲೇ ಮಳೆ.

ಎಂಥ ಮಳೆ. ರಸ್ತೆಗಳ ನೀರು ಕೆಂಪಗೆ ಇಳಿಯಿತು. ನಾನು ಬಿಟ್ಟಿದ್ದ ಕಲ್ಲಿನ ಕಿಂಡಿಗಳಿಂದ, ನಾನು ಬರೆದ ಹಾಗೆಯೇ, ಹಂದರದೊಳಕ್ಕೆ. ಜನ ಮೆಟ್ಟಿಲೇರಿದರು. ಕುರ್ಚಿಗಳು ತೇಲಿದವು. ಒಂದು ಕಂಬ ವಾಲಿತು.

ಶಿವರಾಜ ಹೊಸ ಅಂಗಿ ತೊಯ್ಯಿಸಿಕೊಂಡು ಪಕ್ಕದಲ್ಲಿ ನಿಂತಿದ್ದರು. "ಡಿಸೈನ್ ಖರೇನ ಕೆಲಸ ಮಾಡಾಕತ್ತೈತಿ ಮೇಡಂ," ಅಂದರು. ವ್ಯಂಗ್ಯ ಇರಲಿಲ್ಲ. ಅದೇ ಕಷ್ಟವಾಯಿತು. ಇಷ್ಟು ತಿಂಗಳು ಕಾದ ನೀರು ಬಂದಿದೆ, ಬರಬೇಕಾದ ಕಡೆಯೇ ಬಂದಿದೆ, ಒಬ್ಬಳ ಮದುವೆಯ ಮೇಲೆ ಬಂದಿದೆ.

ಶೇಖಮ್ಮ ನನ್ನ ಕಡೆ ನೋಡಿದಳು. "ಒಣಾ ಇರತೈತಿ ಅಂದಿದ್ರಿ."

"ಹೌದ್ರಿ, ಅಂದಿದ್ದೆ."

ಆಗ ರಾಜಾಬೀಯನ್ನು ಕಂಡೆ. ತನ್ನ ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಕಸಬರಿಗೆ, ಹೊಸ್ತಿಲಿಗೆ ಅಡ್ಡ ಗೋಣಿಚೀಲ. ನೀರಿಗಾಗಿ ಕಾಯುತ್ತಿದ್ದಳು. ನೀರು ಮೆಟ್ಟಿಲೇರುತ್ತಾ ಬಂತು, ಮೇಲಿನದಕ್ಕೆ ಮುಟ್ಟದೆ ನಿಂತಿತು. ಬಹಳ ಹೊತ್ತು ನೋಡಿದಳು. ಚೀಲ ಸರಿಸಿದಳು. ಬಗ್ಗಿ ಹೊಸ್ತಿಲು ಮುಟ್ಟಿ ನೋಡಿದಳು.

ಆಮೇಲೆ ಕೂಗಿದಳು: "ಏ ಶೇಖಮ್ಮಾ, ಅಲ್ಲಿ ನಿಂತು ಏನ್ ನೋಡ್ತಿ ಬೇ. ಮುಹೂರ್ತ ಹೊಂಟೈತಿ. ಹುಡುಗೀನ ಕರಕೊಂಡು ಬಾ. ನಮ್ ಪಡಸಾಲಿ ಒಣಾ ಐತಿ."

ವರನ ಸೋದರಮಾವ ಗೋಪಣ್ಣ, ಹಿರಿಯ, ಮೆಲ್ಲಗೆ ಅಂದ: "ಅವರ ಮನ್ಯಾಗ... ಅದ್ಹೆಂಗ..."

"ತಾಳಿ ಕಟ್ಟಾಕ ನೆಲಾ ಬೇಕೋ, ನೀರು ಬೇಕೋ ಯಜಮಾನ್ರ?" ಅಂದಳು ರಾಜಾಬೀ.

ಅಷ್ಟರೊಳಗೆ ಮದುಮಗಳೇ ಹೊರಟಳು. ರೇಣುಕಾದೇವಿ, ಮಸ್ಕಿ ಆಸ್ಪತ್ರೆಯೊಂದರಲ್ಲಿ ನರ್ಸ್. ಸೀರೆ ನೆರಿಗೆ ಎತ್ತಿ ಹಿಡಿದು, ಬಾಸಿಂಗ ಒಂದು ಕೈಯಲ್ಲಿ ಒತ್ತಿಕೊಂಡು, ಮೆಟ್ಟಿಲ ಅಂಚಿನಲ್ಲೇ ನಡೆದು ಹೋದಳು. "ಜಲ್ದಿ ಬರ್ರಿ ಮಾವಾ," ಅಂದಳು, ತಿರುಗದೆ. ವರ ಹಿಂದೆಯೇ ಹೋದ. ಗೋಪಣ್ಣ ಚಪ್ಪಲಿ ಬಿಟ್ಟು ಒಳಗೆ ಹೋದ.

ಹೊರಸು ಗೋಡೆಗೆ ಸರಿಯಿತು. ಹಿಟ್ಟಿನ ಡಬ್ಬಿಗಳ ಪಕ್ಕ ತಾಳಿ ಕಟ್ಟಿದರು. ಒಳಗೆ ಹಿಡಿಯದವರು ಕಿಟಕಿಯಿಂದ ಅಕ್ಕಿಕಾಳು ಎಸೆದರು. ಅರ್ಧ ನನ್ನ ತಲೆ ಮೇಲೆ.

ಊಟ ಮನೆಮನೆಯಲ್ಲಿ. ಯಾವ ಮನೆಗೂ ನೀರು ಹೊಕ್ಕಿರಲಿಲ್ಲ, ಎಲ್ಲ ಬಾಗಿಲೂ ತೆಗೆದಿದ್ದವು. ಹುಗ್ಗಿಯ ಬೋಗುಣಿ ಕೈಯಿಂದ ಕೈಗೆ. ಬೀಗರು ಒಂದೊಂದು ಮನೆಯಲ್ಲಿ ಚದುರಿ ಕೂತು ಉಂಡರು. ನಿಂಗರಾಜ ಎಲ್ಲಿ ಉಂಡನೋ ಗೊತ್ತಿಲ್ಲ, ಎಲೆ ಅಡಿಕೆ ಹಾಕಿಕೊಂಡು ಬಂದ.

ನಾನು ಗೋಡೆಗೆ ಒರಗಿ ನಿಂತಿದ್ದೆ. ಶೇಖಮ್ಮ ಸೌಟು ಹಿಡಿದು ಹಾದುಹೋಗುವಾಗ ನಿಂತಳು.

"ಉಂಡಿರೋ ಇಲ್ಲೋ?"

ಇಲ್ಲ ಅಂದೆ. ಕೈಹಿಡಿದು ಒಳಗೆ ಕೂರಿಸಿ ಬಡಿಸಿದಳು. ತುಪ್ಪ ಬೇಡ ಅಂದರೂ ಕೇಳಲಿಲ್ಲ.

20 ಮೇ

ನೀರು ಇಳಿದಿದೆ. ನೆಲದ ಮೇಲೆ ತೆಳ್ಳನೆ ಕೆಸರು. ಓಣಿಯವರೇ ತೊಳೆಯುತ್ತಿದ್ದರು. ಶಿವರಾಜ ಗುಂಡಿಗಳ ಮುಚ್ಚಳ ತೆಗೆಸಿ ಒಳಗೆ ಟಾರ್ಚ್ ಬಿಟ್ಟು ನೋಡಿದರು, ಬಹಳ ಹೊತ್ತು, ಮಗುವಿನ ಕಿವಿ ನೋಡುವ ಡಾಕ್ಟರ್ ಥರ.

ಬೇವಿನ ಬದಿ ಒಂದು ಎತ್ತರದ ಕಟ್ಟೆ ಆಗಬೇಕು, ಮೇಲೆ ಶೀಟು. ಮದುಮಕ್ಕಳು ಅಲ್ಲಿ, ಜನ ಕೆಳಗೆ. ನಾನು ಮೊದಲೇ ಯೋಚಿಸಬೇಕಿತ್ತು. ಅಲ್ಲೇ ಅಳತೆ ಹಾಕಿದೆವು. ರಾಜಾಬೀ ಬಂದು ಕಟ್ಟೆ ಇನ್ನೂ ಅಗಲ ಇರಲಿ ಅಂದಳು. ಬೀಗರು ದಪ್ಪ ಇರುತ್ತಾರಂತೆ.

8 ಜೂನ್, ಸಂಜೆ, ಲಿಂಗಸುಗೂರಿನ ಮನೆ

ರಜೆ. ಪಾಮನಕಲ್ಲೂರಿನವರು ಫೋನ್ ಮಾಡಿದ್ದರು, ಶಾಲೆಯ ಮುಂದಿನ ಜಾಗ ನೋಡಲು ಬನ್ನಿ ಅಂತ. ಹೋಗುತ್ತೇನೆ. ಈ ಸಲ ಡ್ರಾಯಿಂಗ್ ಇಲ್ಲದೆ. ಮೊದಲು ಅಲ್ಲಿ ಏನೇನು ನಡೆಯುತ್ತದೆ ಕೇಳಿಕೊಂಡು...

ರಾಜಾಬೀ ಈಗ ಮಳೆ ಬಂದಾಗಲೆಲ್ಲ ಫೋನ್ ಮಾಡುತ್ತಾಳೆ. ದೂರು ಹೇಳಲು ಅಲ್ಲ. ನೀರು ಯಾವ ಮೆಟ್ಟಿಲಿಗೆ ಬಂತು, ಎಷ್ಟು ಹೊತ್ತು ಕೂತಿತು, ಯಾವಾಗ ಎದ್ದು ಹೋಯಿತು. ಮನೆಗೆ ಬಂದುಹೋದ ನೆಂಟರ ಸುದ್ದಿ ಹೇಳಿದ ಹಾಗೆ. ಮೊನ್ನೆ ಹಿಟ್ಟಿನ ಡಬ್ಬಿಗಳನ್ನು ನೆಲಕ್ಕೆ ಇಳಿಸಿದಳಂತೆ. ಹೊರಸಿನ ಮೇಲೆ ತಾನು ಮಲಗಿದಳಂತೆ, ಕಾಲು ಚಾಚಿ.

ಫೋನ್. ಅವಳದೇ. ಹೊರಗೆ ಕೈ ಚಾಚಿ ನೋಡಿದೆ, ಇಲ್ಲೂ ಒಂದೆರಡು ಹನಿ—